ಪಳೆಯುಳಿಕೆ ಏಡಿ ಕೊಳ್ಳುವ ಮುಂಚೆ ಏನೇನು ನೋಡಬೇಕು? ಗೊತ್ತಿರುವವರು ಹೇಳಿ

ತುಮಕೂರಿನಿಂದ: ಮಗಳಿಗೆ ಪಳೆಯುಳಿಕೆ ಅಂದರೆ ಪ್ರಾಣ. ನ್ಯೂಜಿಲೆಂಡಿನ ಟ್ಯುಮಿಡೊಕಾರ್ಸಿನಸ್ ಏಡಿ, ಮಯೊಸೀನ್ ಕಾಲದ್ದು (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷ ಹಿಂದಿನ ಕಾಲ) ಅಂತ ಒಬ್ಬರು ಮಾರುತ್ತಿದ್ದಾರೆ. ಕಾಲು, ಕೊಂಡಿ ಎಲ್ಲ ಪೂರ್ತಿ ಇದೆ. ಇಷ್ಟು ಚೆನ್ನಾಗಿ ಉಳಿಯುತ್ತದಾ?

ಕೋಲಾರದಿಂದ: ಉಳಿಯುತ್ತದೆ ಸರ್. ಏಡಿ ಬೇಗ ಕೆಸರಲ್ಲಿ ಹೂತುಹೋಗಿ, ಸುತ್ತ ಖನಿಜ ಕಟ್ಟಿಕೊಂಡು ಕಲ್ಲುಂಡೆ ಆದರೆ ಒಳಗೆ ಕಾಲಿನ ಗೆಣ್ಣು ಕೂಡ ಹಾಗೇ ಇರುತ್ತದೆ. ಆಮೇಲೆ ಗಾಳಿ ಒತ್ತಡದಲ್ಲಿ ನಡೆಯುವ ಸಣ್ಣ ಉಳಿ ಹಿಡಿದು ಚೂರುಚೂರೇ ಕಲ್ಲು ಬಿಡಿಸಬೇಕು. ಬೆಲೆ ಜಾಸ್ತಿ ಇರೋದು ಅದಕ್ಕೇ. ಬಿಡಿಸುವಾಗ ತೆಗೆದ ಫೋಟೊ ಇದೆಯಾ ಕೇಳಿ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕಾಲು ಮೈಗೆ ಸೇರುವ ಜಾಗ ನೋಡಿ. ಬೆನ್ನ ಚಿಪ್ಪೆಲ್ಲ ಸಣ್ಣ ಗುಳಿ, ಬಿರುಕು ಇದ್ದು ಕಾಲು ಮಾತ್ರ ನುಣ್ಣಗೆ, ಒಂದೇ ಬಣ್ಣ, ನಡುವೆ ಗಾಳಿಗುಳ್ಳೆ ಅಂದರೆ ಅದು ರೆಸಿನ್, ಅಂದರೆ ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದ ಪ್ಲಾಸ್ಟಿಕ್ ಥರದ್ದು. ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ, ಅಂಟು ಬಹಳ ಸಲ ಬೇರೆ ಥರ ಹೊಳೆಯುತ್ತದೆ. ಒಂದು ಕೊಂಡಿ ದೊಡ್ಡದು ಅಂತ ಅನುಮಾನ ಬೇಡ, ಎಷ್ಟೋ ಏಡಿಗಳು ಇರೋದೇ ಹಾಗೆ. ಮುರಿದದ್ದನ್ನು ಅಂಟಿಸಿದ್ದರೂ ತೊಂದರೆ ಇಲ್ಲ, ಆದರೆ ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು ಅಲ್ವಾ?

ಶಿವಾರಪಟ್ಟಣದಿಂದ: ನಮ್ಮದು ವಿಗ್ರಹ ಕೆತ್ತುವ ಮನೆತನ ಅಣ್ಣ. ಕೆತ್ತಿ ಮಾಡಿದ ಕಾಲಾದರೆ ಉಳಿಯ ಗೆರೆ ಕಾಲಿಂದ ಪಕ್ಕದ ಕಲ್ಲಿಗೆ ಒಂದೇ ಸಮ ಹೋಗಿರುತ್ತದೆ. ನಿಜವಾದ ಚಿಪ್ಪಾದರೆ ಮುರಿದ ಅಂಚಿನಲ್ಲಿ ಅದರ ದಪ್ಪ ಬೇರೆ ಪದರವಾಗಿ ಕಾಣುತ್ತದೆ. ಇನ್ನು ನಮ್ಮ ಕೋಲಾರದ ಬಾವಿಯಲ್ಲೇ ಸಿಕ್ಕಿತು ಅಂತ ಯಾರಾದರೂ ತಂದರೆ ಸುಮ್ನೆ ವಾಪಸ್ ಕಳಿಸಿ. ಇಲ್ಲಿನ ಚಿನ್ನದ ಗಣಿಯ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಏಡಿಗಳು ಹುಟ್ಟಿದ್ದು 20 ಕೋಟಿ ವರ್ಷದ ಈಚೆಗೆ.

ಚಿಂತಾಮಣಿಯಿಂದ: ಎಲ್ಲಕ್ಕಿಂತ ಮೊದಲು ಕಾಗದ ಕೇಳಿ ಸರ್. ನ್ಯೂಜಿಲೆಂಡಿನಲ್ಲಿ 1975ರ ಕಾಯ್ದೆ ಇದೆ, ಇಂಥ ಪಳೆಯುಳಿಕೆ ಹೊರಗೆ ಕಳಿಸಲು ಅನುಮತಿ ಬೇಕು. ಕಾಗದ ಇಲ್ಲದ್ದು ಎಷ್ಟೇ ಚೆನ್ನಾಗಿರಲಿ, ನಾನಂತೂ ಮುಟ್ಟುವುದಿಲ್ಲ. ಯಾವ ಕಡಲ ತೀರದ್ದು ಅಂತ ಚೀಟಿಯಲ್ಲಿ ಬರೆಸಿ ಅದರ ಜೊತೆಗೇ ಇಡಿ. ಮಗಳು ತೊಳೆಯಲು ಹೋದರೆ ವಿನಿಗರ್, ನಿಂಬೆಹಣ್ಣು ಕೊಡಬೇಡಿ, ಚಿಪ್ಪಿನಲ್ಲಿ ಸುಣ್ಣದ ಅಂಶ ಇರುತ್ತದೆ, ಕರಗುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು.