ಹಳೇ ಪೆಟ್ರೋಲ್ ಜೀಪು ಚಳಿಗೆ ಸ್ಟಾರ್ಟ್ ಆಗುವುದಿಲ್ಲ, ಕಾರ್ಬುರೇಟರ್ ಬಿಚ್ಚಬೇಕಾ?

ಪ್ರಶ್ನೆ (ಕಾರ್ಕಳ): ಹರಿಕೇನ್ ಇಂಜಿನಿನ ಹಳೇ ಪೆಟ್ರೋಲ್ ಜೀಪು. 12 ವೋಲ್ಟ್, ಪಾಯಿಂಟ್ ಇಗ್ನಿಷನ್, ಕಾರ್ಟರ್ ಮಾದರಿಯ ಕಾರ್ಬುರೇಟರ್, ಕೈಯಲ್ಲಿ ಎಳೆಯುವ ಚೋಕ್. ಊರಲ್ಲಾದರೆ ಬೆಳಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಹೇಗೋ ಹತ್ತಿಕೊಳ್ತದೆ. ಮಾಳ ಘಾಟಿ ಹತ್ತಿ ಕಳಸದಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಬ್ಯಾಟರಿ ಇಳಿಯುವವರೆಗೆ ತಿರುಗಿಸಿದರೂ ಇಲ್ಲ. ನಾಲ್ಕು ದಿನ ಓಡಿಸದಿದ್ದರೆ ಊರಲ್ಲೂ ಅದೇ ಅವಸ್ಥೆ. ಬಿಸಿಯಾದ ಮೇಲೆ ಎಂತ ತೊಂದರೆಯೂ ಇಲ್ಲ. ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ನೋಡಿ ಆಯ್ತು. ಕಿಟ್ ಹಾಕುವುದಾ, ಹೊಸ ಕಾರ್ಬುರೇಟರೇ ತರುವುದಾ?

ಉತ್ತರ (ಮೆಕ್ಯಾನಿಕ್, ಉಡುಪಿ): ಎರಡೂ ಬೇಡ, ಈಗಲೇ ಬೇಡ. ಬಿಸಿಯಾದ ಮೇಲೆ ಸರಿಯಾಗಿ ಓಡ್ತದೆ ಅಂದರೆ ಪೆಟ್ರೋಲು ಹರಿಯುವ ಸಣ್ಣ ತೂತಿನ ಜೆಟ್‌ಗಳು ಕಟ್ಟಿಲ್ಲ. ಮಿಕ್ಸ್ಚರ್ ಸ್ಕ್ರೂ ಐಡ್ಲಿಂಗಿಗೆ ಇರುವುದು, ತಣ್ಣಗಿನ ಸ್ಟಾರ್ಟಿಂಗಿಗೆ ಅಲ್ಲ. ಅದನ್ನು ಮೆಲ್ಲ ಪೂರ್ತಿ ಒಳಗೆ ತಿರುಗಿಸಿ, ಬಿಗಿ ಮಾಡದೆ, ಒಂದೂವರೆ ಸುತ್ತು ಹೊರಗೆ ತಂದು ಬಿಡಿ. ಉಳಿದದ್ದು ಇಂಜಿನ್ ಬಿಸಿಯಾದ ಮೇಲೆ ನೋಡಿದರಾಯ್ತು.

ತಣ್ಣಗಿನ ಇಂಜಿನಿನಲ್ಲಿ ಪೆಟ್ರೋಲಿನ ಸ್ವಲ್ಪ ಭಾಗ ಮಾತ್ರ ಆವಿಯಾಗುವುದು. ಈ ಇಂಜಿನಿನಲ್ಲಿ ಇಂಟೇಕ್ ದಾರಿ ಹೆಡ್‌ನೊಳಗೇ ಎರಕವಾಗಿ ಬಂದಿದೆ. ಹೆಡ್ ತಣ್ಣಗಿರುವಷ್ಟು ಹೊತ್ತು ಪೆಟ್ರೋಲು ಗೋಡೆಗೆ ಅಂಟಿ ಹನಿಯಾಗ್ತದೆ, ಸಿಲಿಂಡರಿಗೆ ಬರಿ ಗಾಳಿ. ಆ ಕೊರತೆ ತುಂಬಲಿಕ್ಕೇ ಚೋಕ್ ಇರುವುದು. ಈಗಿನ ಇ-20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ಕೊರತೆ ಇನ್ನೂ ಹೆಚ್ಚು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಗಾಳಿಗೆ ಹೋಲಿಸಿದರೆ ಪ್ರಮಾಣವೂ ಜಾಸ್ತಿ ಬೇಕು: ಒಂದು ಕಿಲೋ ಬರಿ ಪೆಟ್ರೋಲಿಗೆ 14.7 ಕಿಲೋ ಗಾಳಿ ಆದರೆ ಇ-20ಕ್ಕೆ ಸುಮಾರು 13.5. ಹಳೇ ಪೆಟ್ರೋಲಿಗೆ ಲೆಕ್ಕ ಹಾಕಿದ ಜೆಟ್ಟಿನಲ್ಲಿ ಇದು ಬಡ ಮಿಶ್ರಣವೇ (ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ) ಆಗುವುದು.

ಹಾಗಾಗಿ ಮೊದಲು ಚೋಕ್. ಏರ್ ಕ್ಲೀನರಿನ ಹೋಸ್ ತೆಗೆದು, ಡ್ಯಾಶಿನ ನಾಬ್ ಪೂರ್ತಿ ಎಳೆದು, ಟಾರ್ಚ್ ಹಾಕಿ, ಗಾಳಿಯ ದಾರಿ ಮುಚ್ಚುವ ಚೋಕ್ ಫ್ಲಾಪ್ ನೋಡಿ. ಹೆಚ್ಚಿನ ಜೀಪಿನಲ್ಲಿ ನಾಬ್ ಪೂರ್ತಿ ಬಂದಿರ್ತದೆ, ಫ್ಲಾಪ್ ಮುಕ್ಕಾಲು ಮಾತ್ರ ಮುಚ್ಚಿರ್ತದೆ. ನಾಲ್ಕೈದು ಮಿಲಿಮೀಟರ್ ಸಂದು ಇದ್ದರೂ ಸಾಕು, ಊರಿನ 22 ಡಿಗ್ರಿಯಲ್ಲಿ ಹೇಗೋ ನಡೆದದ್ದು ಘಟ್ಟದ ಮೇಲೆ ನಡೆಯುವುದಿಲ್ಲ. ಕೇಬಲ್ಲಿನ ಹೊರ ಕವಚ ಕ್ಲಾಂಪಿನಲ್ಲಿ ಜಾರಿರುವುದೇ ಕಾರಣ. ನಾಬ್ ಒಳಗೆ ತಳ್ಳಿ, 2–3 ಮಿಲಿಮೀಟರ್ ಸಡಿಲ ಬಿಟ್ಟು, ಫ್ಲಾಪ್ ಪೂರ್ತಿ ತೆರೆದ ಸ್ಥಿತಿಯಲ್ಲಿ ತಂತಿಯ ಸ್ಕ್ರೂ ಬಿಗಿ ಮಾಡಿ. ಮತ್ತೆ ಎಳೆದು ನೋಡಿ. ನಮ್ಮ ಉಪ್ಪುಗಾಳಿಗೆ ಕೇಬಲ್ ಒಳಗೆ ತುಕ್ಕು ಹಿಡಿಯುವುದು ಮಾಮೂಲು. ತುದಿಯಿಂದ ಸೀಮೆಎಣ್ಣೆ ಬಿಟ್ಟು ಆಡಿಸಿ, ಆಮೇಲೆ ಎಣ್ಣೆ. ಫ್ಲಾಪಿನ ಶಾಫ್ಟಿಗೆ ಮಾತ್ರ ಎಣ್ಣೆ ಬೇಡ, ಧೂಳು ಕಚ್ಚಿಕೊಳ್ತದೆ. ಅಲ್ಲಿಗೆ ಕಾರ್ಬುರೇಟರ್ ಕ್ಲೀನರ್ ಸಾಕು.

ಹೋಸ್ ತೆಗೆದಿರುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ಇಂಜಿನ್ ನಿಂತಿರಲಿ, ಫ್ಲಾಪ್ ತೆರೆದಿರಲಿ, ಎಕ್ಸಿಲರೇಟರ್ ಲಿಂಕನ್ನು ಕೈಯಲ್ಲಿ ಪಟ್ಟಂತ ಎಳೆಯಿರಿ. ಒಳಗೆ ಪೆಟ್ರೋಲು ದಾರದ ಹಾಗೆ ಚಿಮ್ಮಬೇಕು. ಚಿಮ್ಮದಿದ್ದರೆ ಒಂದೋ ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವ ತೊಟ್ಟಿ) ಖಾಲಿ, ಅಥವಾ ಕಾರ್ಬುರೇಟರಿನ ಎಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಹರಿದಿದೆ. ನಾಲ್ಕು ದಿನ ನಿಂತರೆ ಸ್ಟಾರ್ಟ್ ಆಗುವುದಿಲ್ಲ ಎಂದಿರಿ ಅಲ್ವಾ, ಬೌಲ್ ಖಾಲಿಯಾಗಿರುವ ಸಂಶಯ ಬಲವಾಗಿ ಉಂಟು. ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಎ.ಸಿ. ಪಂಪಿಗೆ ಕೈ ಲಿವರ್ ಇದ್ದರೆ 15–20 ಸಲ ಒತ್ತಿ. ಲಿವರ್ ಸಡಿಲ ಬಂದು ಒತ್ತಡವೇ ಸಿಗದಿದ್ದರೆ ಪಂಪ್ ಹಾಳಾಯ್ತೆಂದು ಗಾಬರಿ ಬೇಡ: ಪಂಪಿನ ತೋಳು ಇಂಜಿನಿನ ಕ್ಯಾಮಿನ ಉಬ್ಬಿನ ಮೇಲೆ ನಿಂತಿರ್ತದೆ. ಇಗ್ನಿಷನ್ ಆಫ್ ಮಾಡಿ ಹ್ಯಾಂಡಲ್ ಹಾಕಿ ಇಂಜಿನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲೇ ಇರಲಿ, ಮೇಲಕ್ಕೆ ಎಳೆಯಿರಿ.

ಬೌಲ್ ತುಂಬಿದ ಮೇಲೆ ಜೀಪು ತಕ್ಷಣ ಹತ್ತಿದರೆ ಕಾರ್ಬುರೇಟರಿನ ತಪ್ಪಲ್ಲ ಅಂತ ಖಾತ್ರಿ.

ಪ್ರಶ್ನೆ (ಕಾರ್ಕಳ): ನೋಡಿದೆ ಅಣ್ಣ. ಫ್ಲಾಪಿನಲ್ಲಿ ಕಿರುಬೆರಳು ಹೋಗುವಷ್ಟು ಸಂದು ಇತ್ತು, ಈಗ ಪೂರ್ತಿ ಮುಚ್ತದೆ. ಪೆಟ್ರೋಲೂ ಚಿಮ್ಮುತ್ತದೆ. ಆದರೆ ಈಗ ಐದಾರು ಸಲ ತಿರುಗಿಸಿದರೆ ಪೆಟ್ರೋಲ್ ವಾಸನೆ ಬರ್ತದೆ, ಪ್ಲಗ್ ಒದ್ದೆ.

ಉತ್ತರ (ಮೆಕ್ಯಾನಿಕ್, ಉಡುಪಿ): ಒದ್ದೆ ಪ್ಲಗ್ ಅಂದರೆ ಪೆಟ್ರೋಲು ಬರ್ತಾ ಉಂಟು, ಕಿಡಿ ಸಾಲುತ್ತಿಲ್ಲ ಅಥವಾ ನೀವು ಚೋಕ್ ಹೆಚ್ಚು ಹೊತ್ತು ಹಿಡಿದಿರಿ. ಫ್ಲಡ್ ಆದರೆ ಚೋಕ್ ಪೂರ್ತಿ ಒಳಗೆ ತಳ್ಳಿ, ಎಕ್ಸಿಲರೇಟರ್ ನೆಲದವರೆಗೆ ಒತ್ತಿ ಹಿಡಿದು, ಪಂಪ್ ಮಾಡದೆ ಐದಾರು ಸೆಕೆಂಡ್ ಸೆಲ್ಫ್. ಮಾಮೂಲಿ ಕ್ರಮ ಹೀಗೆ: ಚೋಕ್ ಪೂರ್ತಿ, ಎಕ್ಸಿಲರೇಟರ್ ಎರಡು ಸಲ ಒತ್ತಿ ಬಿಡಿ, ಐದು ಸೆಕೆಂಡ್ ಸೆಲ್ಫ್. ಹತ್ತಿದ ಕೂಡಲೇ ಚೋಕ್ ಅರ್ಧ, ಒಂದೆರಡು ನಿಮಿಷದಲ್ಲಿ ಪೂರ್ತಿ ಒಳಗೆ. ಚೋಕಿನಲ್ಲೇ ಓಡಿಸಿದರೆ ಪೆಟ್ರೋಲು ಸಿಲಿಂಡರಿನ ಎಣ್ಣೆ ತೊಳೆದು ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಕಿಡಿಯ ಬಗ್ಗೆ ಎಲೆಕ್ಟ್ರಿಷಿಯನ್ ಹೇಳಲಿ.

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಮಂಗಳೂರು): ಮೀಟರ್ ಹಿಡಿಯಿರಿ. ನಿಂತಾಗ ಬ್ಯಾಟರಿ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿಯಬಾರದು. ಬ್ಯಾಟರಿ ಸರಿ ಇದ್ದೂ ಸೆಲ್ಫ್ ಸೋಮಾರಿ ಆದರೆ ಇಂಜಿನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ನೋಡಿ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ, ಆ ಪಟ್ಟಿ ತುಕ್ಕು ಹಿಡಿದರೆ ಕರೆಂಟಿಗೆ ದಾರಿ ಇಲ್ಲ. ಎರಡೂ ತುದಿ ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿ.

ಆಮೇಲೆ ಸೆಲ್ಫ್ ಹೊಡೆಯುವಾಗಲೇ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲಿನ ಪ್ಲಸ್‌ನಲ್ಲಿ ಎಷ್ಟು ಬರ್ತದೆ ನೋಡಿ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಗಿಂತ ಬಹಳ ಕಡಿಮೆ ಇದ್ದರೆ, ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಉಂಟಾ ಹುಡುಕಿ. ಬ್ಯಾಲಸ್ಟ್ ಇದ್ದ ಗಾಡಿಯಲ್ಲಿ ಸ್ಟಾರ್ಟ್ ಮಾಡುವಾಗ ಅದನ್ನು ದಾಟಿಸುವ ಇನ್ನೊಂದು ವೈರ್ ಇರಬೇಕು. ಹಳೇ ಜೀಪುಗಳಲ್ಲಿ ಯಾರೋ ವೈರಿಂಗ್ ಬದಲಿಸುವಾಗ ಅದನ್ನೇ ಬಿಟ್ಟಿರ್ತಾರೆ.

ಪಾಯಿಂಟ್ ಗ್ಯಾಪ್ 20 ಥೌ, ಅಂದರೆ 0.5 ಮಿಲಿಮೀಟರ್. ಪ್ಲಗ್ 30 ಥೌ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಕಂಡರೆ ಒರೆಸಿ ಪ್ರಯೋಜನ ಇಲ್ಲ, ಕ್ಯಾಪ್ ಬದಲಿಸಿ. ಇಬ್ಬನಿ ಬಿದ್ದ ಬೆಳಗ್ಗೆ ಕತ್ತಲಲ್ಲಿ ಬಾನೆಟ್ ತೆಗೆದು ಸೆಲ್ಫ್ ಹೊಡೆಸಿದರೆ, ಪ್ಲಗ್ ವೈರಿನಿಂದ ವೈರಿಗೆ ನೀಲಿ ಮಿಣುಕು ಓಡುವುದು ಕಾಣ್ತದೆ. ಅಂಥ ವೈರ್ ಸೆಟ್ ಇಡೀ ಬದಲಿಸಿ, ಒಂದೊಂದಾಗಿ ಬೇಡ. ನಮ್ಮ ಕಡೆ ಚಳಿಗಿಂತ ತೇವದ್ದೇ ಹೆಚ್ಚು ಉಪದ್ರ.

ಪ್ರಶ್ನೆ (ಸುರತ್ಕಲ್): ನನ್ನದೂ ಇಂಥದ್ದೇ ಜೀಪು. ನಿಲ್ಲಿಸಿಟ್ಟರೆ ಬೌಲ್ ಖಾಲಿಯಾಗುವ ರಗಳೆಗೆ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಮುಗೀತಲ್ವಾ? ಟ್ಯಾಂಕಿನಲ್ಲಿ ನೀರೂ ಸಿಕ್ಕಿತ್ತು.

ಉತ್ತರ (ಮೆಕ್ಯಾನಿಕ್, ಉಡುಪಿ): ಹಾಕಬಹುದು ಮಾರಾಯ್ರೆ, ಆದರೆ ಕಡಿಮೆ ಒತ್ತಡದ್ದೇ ಬೇಕು, 2.5ರಿಂದ 4 ಪಿಎಸ್ಐ ಒಳಗಿನದ್ದು. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ, ಬೌಲಿಗೆ ಬರುವ ಪೆಟ್ರೋಲು ನಿಲ್ಲಿಸುವ ನೀಡಲ್ ಸೀಟ್ ತಡೆಯುವುದಿಲ್ಲ, ಪೆಟ್ರೋಲು ಮೇಲಿಂದ ಉಕ್ಕಿ ಎಕ್ಸಾಸ್ಟಿನ ಮೇಲೆ ಬೀಳ್ತದೆ. ಇಂಜಿನ್ ನಿಂತರೆ ಪಂಪ್ ತಾನಾಗಿ ನಿಲ್ಲುವ ಹಾಗೆ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ವೈರ್ ಎಳೆಸಿ, ಮೊದಲ ತುಂಬಿಗೆ ಬೇರೆ ಒತ್ತುಬಟನ್ ಇರಲಿ.

ನೀರಿನ ವಿಷಯಕ್ಕೆ: ಬೌಲಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕೂತರೆ ಅದು ಎಥನಾಲ್ ಎಳೆದುಕೊಂಡ ನೀರು. ಟ್ಯಾಂಕ್ ಬರಿದು ಮಾಡಿ ತೊಳೆಯಿರಿ, ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಬೇಡಿ. ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಉಬ್ಬಿದ್ದರೆ ಇ-20 ತಡೆಯುವ ಪೈಪ್ ಹಾಕಿ. ಜೆಟ್ ಕಟ್ಟಿದ್ದರೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗ್ತದೆ. ಗಾಳದ ತೆಳು ನೈಲಾನ್ ದಾರ ಸಾಕು, ಮಲ್ಪೆಯಲ್ಲಿ ಬೇಕಾದಷ್ಟು ಸಿಗ್ತದೆ.