ಮಿಲಿಟರಿ ಆಸ್ಪತ್ರೆಯ ಮಾನಸಿಕ ವಾರ್ಡ್‌ನಲ್ಲಿದ್ದು ಬಂದವರಿಗೆ ಡಿಸೆಬಿಲಿಟಿ ಪೆನ್ಷನ್ ಸಿಗುತ್ತದಾ? ಗೊತ್ತಿದ್ದವರು ಹೇಳಿ

ಬದಿಯಡ್ಕದಿಂದ, ಕೇಳಿದವರು:

ನನ್ನ ಯಜಮಾನರು ಸೇನೆಯಲ್ಲಿ ನಾಯಕ್ ಆಗಿದ್ದರು. ಹದಿನಾಲ್ಕು ವರ್ಷ ಸೇವೆ. ಕಾಶ್ಮೀರದಲ್ಲಿ ಇದ್ದು ಬಂದ ಮೇಲೆ ನಿದ್ದೆ ಹೋಯಿತು, ಯಾರೋ ಹಿಂದೆ ಬರುತ್ತಾರೆ ಎನ್ನಲು ಶುರು ಮಾಡಿದರು. ಮಿಲಿಟರಿ ಆಸ್ಪತ್ರೆಯ ಮಾನಸಿಕ ವಾರ್ಡ್‌ನಲ್ಲಿ ಇಟ್ಟು, 2021ರಲ್ಲಿ ಬೋರ್ಡ್ ಔಟ್ ಮಾಡಿ, ಅಂದರೆ ಮೆಡಿಕಲ್ ಬೋರ್ಡ್ ಅನರ್ಹ ಎಂದು ಹೇಳಿ ಸೇವೆಯಿಂದ ಬಿಡಿಸಿ ಕಳಿಸಿದರು. ಡಿಸೆಬಿಲಿಟಿ ಶೇ. 40 ಎಂದು ಬೋರ್ಡ್ ಬರೆದಿದೆ. ಆದರೆ ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲವಂತೆ. ಇನ್‌ವ್ಯಾಲಿಡ್ ಪೆನ್ಷನ್ ಬರುತ್ತದೆ, ಡಿಸೆಬಿಲಿಟಿ ಇಲ್ಲ. "ತಲೆ ಕೆಟ್ಟು ಬಂದವರಿಗೆ ಅದು ಸಿಗುವುದಿಲ್ಲ" ಎಂದು ಊರಲ್ಲಿ ಒಬ್ಬರು ಹೇಳಿದರು. ಹೌದಾ? ಈಗ ಕೇಳಿದರೆ ತಡ ಆಯಿತಾ?

ಕುಂಬಳೆಯ ಮಾಜಿ ಹವಾಲ್ದಾರ್:

ಅಕ್ಕ, ಹಾಗೆ ಹೇಳಿದವರ ಮಾತು ಬಿಡಿ. ನನ್ನದು ಡಿಪ್ರೆಶನ್ ಕೇಸು. ಸೇನೆಗೆ ಹಾಕಿದ ಅಪೀಲಿನಲ್ಲಿ ಆಗಲಿಲ್ಲ, ಸೈನಿಕರ ಕೇಸು ನೋಡುವ ಟ್ರಿಬ್ಯೂನಲ್‌ನಲ್ಲಿ ಸಿಕ್ಕಿತು.

ಡಿಸೆಬಿಲಿಟಿ ಶೇ. 20 ಅಥವಾ ಜಾಸ್ತಿ ಇರಬೇಕು, ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಇಷ್ಟೇ ನಿಯಮ. ನಿಮ್ಮವರಿಗೆ ಮೊದಲನೆಯದು ಉಂಟು. ತೊಡಕು ಇರುವುದು ಬೋರ್ಡ್ ಬರೆದ ಆ ಒಂದು ಸಾಲಿನಲ್ಲಿ. ಹಾಗಾಗಿ ಎಲ್ಲಕ್ಕಿಂತ ಮೊದಲು ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್ ಪೂರ್ತಿ ತರಿಸಿ. ನಮ್ಮ ಕೈಗೆ ಬರುವ ತಿರಸ್ಕಾರದ ಪತ್ರದಲ್ಲಿ ಏನೂ ಇರುವುದಿಲ್ಲ. ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ, ಕೊಡದಿದ್ದರೆ ಆರ್‌ಟಿಐ ಹಾಕಿ. ಅರ್ಜಿಯಲ್ಲಿ ಸಹಿ ಯಜಮಾನರದ್ದೇ ಇರಲಿ. ಹೆಂಡತಿ ಕೇಳಿದರೆ "ವೈಯಕ್ತಿಕ ಮಾಹಿತಿ" ಎಂದು ವಾಪಸ್ ಕಳಿಸುವುದುಂಟು.

ಕಾಗದ ಬಂದ ಮೇಲೆ ಎರಡು ಜಾಗ ನೋಡಿ. ಒಂದು, ಪೋಸ್ಟಿಂಗ್ ಪಟ್ಟಿ. ಎಲ್ಲೆಲ್ಲಿ ಇದ್ದರು, ಪೀಸೋ (ಶಾಂತ ಜಾಗ) ಫೀಲ್ಡೋ (ಕಾರ್ಯಾಚರಣೆಯ ಜಾಗ) ಅಂತ ಅದರಲ್ಲಿ ಇರುತ್ತದೆ. ಕಾಯಿಲೆ ಕಾಣಿಸಿದ್ದು ಪೀಸ್ ಸ್ಟೇಷನ್‌ನಲ್ಲಿ, ಅದಕ್ಕೆ ಸೇವೆಯ ಒತ್ತಡ ಇಲ್ಲ ಅಂತ ಬರೆಯುವುದು ಅವರ ಅಭ್ಯಾಸ. ಅದಕ್ಕೆ ಮೊದಲು ಕಾಶ್ಮೀರದಲ್ಲಿ ಎಷ್ಟು ಕಾಲ ಇದ್ದರು ಅನ್ನುವುದನ್ನು ಆ ಪಟ್ಟಿಯಿಂದಲೇ ತೋರಿಸಬಹುದು. ಎರಡು, ಕಾರಣದ ಕಾಲಂ. ಅಲ್ಲಿ "ಕಾನ್‌ಸ್ಟಿಟ್ಯೂಶನಲ್" (ಹುಟ್ಟಿನಿಂದ ಬಂದ ದೇಹಸ್ವಭಾವದ್ದು) ಅಂತ ಒಂದೇ ಶಬ್ದ ಇದ್ದರೆ ನಿಮ್ಮ ಕೇಸಿಗೆ ಬಲ ಬಂತು. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸೇರುವಾಗ ಕಾಯಿಲೆ ನೋಟ್ ಆಗಿಲ್ಲದಿದ್ದರೆ ಸೇವೆಯಲ್ಲೇ ಬಂತು ಎಂದು ಲೆಕ್ಕ, ಅಲ್ಲ ಎನ್ನುವವರು ಕಾರಣ ಕೊಡಬೇಕು. 2025ರ ಮೇಯಲ್ಲಿ ರಾಜುಮೋನ್ ಪ್ರಕರಣ ಬಂತಲ್ವಾ, ಅದು ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆಯದ್ದೇ. ಬೋರ್ಡ್ ಕಾರಣ ಬರೆದಿಲ್ಲ ಎಂಬುದರ ಮೇಲೆಯೇ ಪೆನ್ಷನ್ ಕೊಡಿಸಿದರು.

ಹಣದ ಲೆಕ್ಕ ಯಾರೂ ಸರಿಯಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ನೂರಕ್ಕೆ ನೂರು ಡಿಸೆಬಿಲಿಟಿಗೆ ಕೊನೆಯ ಸಂಬಳದ ಶೇ. 30. ನಿಮ್ಮ 40ನ್ನು 50ಕ್ಕೆ ಏರಿಸುತ್ತಾರೆ, ಇದು 2014ರ ರಾಮ್ ಅವತಾರ್ ತೀರ್ಪಿನಲ್ಲಿ ಗಟ್ಟಿಯಾದ ವಿಷಯ. ಅಂದರೆ ಶೇ. 15. ಸಂಬಳ 40,000 ಎಂದಿಟ್ಟುಕೊಳ್ಳಿ, ತಿಂಗಳಿಗೆ 6,000, ಅದರ ಮೇಲೆ ಡಿಎ. ಈಗ ಬರುವ ಪೆನ್ಷನ್ ಜೊತೆಗೆ ಇದು.

ಮಂಜೇಶ್ವರದ ನಿವೃತ್ತ ಸುಬೇದಾರ್:

ಮೇಲಿನವರು ಹೇಳಿದ್ದು ಸರಿ, ಆದರೆ ಗ್ಯಾರಂಟಿ ಅಂತ ತಿಳಿಯಬೇಡಿ. 2019ರ ನರಸಿಂಗ್ ಯಾದವ್ ಪ್ರಕರಣವೂ ಸ್ಕಿಜೋಫ್ರೇನಿಯಾದ್ದು. ಅಲ್ಲಿ ಸೈನಿಕ ಸೋತ. ಮನಸ್ಸಿನ ಕಾಯಿಲೆ ಭರ್ತಿ ಸಮಯದಲ್ಲಿ ಪತ್ತೆ ಆಗುವಂಥದ್ದಲ್ಲ, ಹಾಗಾಗಿ ನೋಟ್ ಆಗಿಲ್ಲ ಎಂಬುದು ಒಂದೇ ಸಾಲದು ಅಂತ ಕೋರ್ಟ್ ಹೇಳಿತು. ಸರ್ಕಾರಿ ವಕೀಲರು ಇದನ್ನೇ ಹಿಡಿಯುತ್ತಾರೆ. ಅದಕ್ಕೇ ಫೀಲ್ಡ್ ಸೇವೆಯ ದಾಖಲೆ ಬಿಡಬೇಡಿ. ವಾರ್ಡ್‌ಗೆ ಕಳಿಸುವಾಗ ಸಿಓ ಸಾಹೇಬರು (ಘಟಕದ ಮುಖ್ಯ ಅಧಿಕಾರಿ) ಒಂದು ವರದಿ ಬರೆದಿರುತ್ತಾರೆ, ಅದರ ಪ್ರತಿಯನ್ನೂ ಕೇಳಿ. ಹುಡುಗ ಮೊದಲು ಚೆನ್ನಾಗಿದ್ದ, ಇಂಥಾ ಸಮಯದಿಂದ ಬದಲಾದ ಅಂತ ಅದರಲ್ಲಿ ಇದ್ದರೆ ಅದೇ ದೊಡ್ಡ ಸಾಕ್ಷಿ.

ಮುಳ್ಳೇರಿಯದಿಂದ ಒಬ್ಬರು ತಂಗಿ:

ಅಣ್ಣನಿಗಾಗಿ ನಾನು ಓಡಾಡಿದ್ದೇನೆ. ನಮಗೆ ಕಷ್ಟ ಆದದ್ದು ಕೋರ್ಟಲ್ಲ, ಅಣ್ಣನನ್ನು ಒಪ್ಪಿಸುವುದು. ಆಸ್ಪತ್ರೆಯ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದ. ಅವಸರ ಮಾಡಬೇಡಿ ಅಕ್ಕ, ಅವರು ಸ್ವಲ್ಪ ಆರಾಮಿದ್ದಾಗ ಕೂತು ಮಾತಾಡಿ. ರಾತ್ರಿ ಜಾಸ್ತಿ ಆದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಕೆಲವರು "ಹುಚ್ಚಿನ ವಾರ್ಡ್‌ನಲ್ಲಿದ್ದವರ ಸಹಿ ನಡೆಯುವುದಿಲ್ಲ" ಎಂದು ಹೆದರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ನೋಡಿ. ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಆಗುವುದಿಲ್ಲ, ಅದನ್ನು ಕೋರ್ಟೇ ಹೇಳಬೇಕು.

ಮತ್ತೆ, ಊರಿಗೆ ಬಂದ ಮೇಲಿನ ಚಿಕಿತ್ಸೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ಇಡಿ. ತಡವಾಗಿದ್ದಕ್ಕೆ ಅದೇ ಉತ್ತರ. ಟ್ರಿಬ್ಯೂನಲ್‌ಗೆ ಆರು ತಿಂಗಳ ಗಡುವು ಉಂಟು, ಸರಿಯಾದ ಕಾರಣ ಇದ್ದರೆ ಮನ್ನಿಸುತ್ತಾರೆ. ಹಿಂಬಾಕಿ ಮಾತ್ರ ಹೆಚ್ಚಾಗಿ ಅರ್ಜಿಗೆ ಮೊದಲಿನ ಮೂರು ವರ್ಷದ್ದಷ್ಟೇ ಕೊಡುತ್ತಾರೆ. ಇನ್ನೂ ಕಾದರೆ ನಿಮಗೇ ನಷ್ಟ.

ಬದಿಯಡ್ಕದಿಂದ, ಕೇಳಿದವರು:

ತುಂಬ ಉಪಕಾರ ಆಯಿತು. ಯಜಮಾನರ ಹತ್ತಿರ ಯುಡಿಐಡಿ ಕಾರ್ಡ್ (ಸರ್ಕಾರದ ಅಂಗವಿಕಲರ ಗುರುತಿನ ಚೀಟಿ) ಉಂಟು, ಅದರಲ್ಲಿ ಶೇ. 55. ಅದನ್ನು ತೋರಿಸಬಹುದಾ? ಅರ್ಜಿ ಕನ್ನಡದಲ್ಲಿ ಆಗುತ್ತದಾ? ವಕೀಲರಿಗೆ ಕೊಡಲು ದುಡ್ಡಿಲ್ಲ.

ಕುಂಬಳೆಯ ಮಾಜಿ ಹವಾಲ್ದಾರ್:

ಆ ಕಾರ್ಡ್ ಬಸ್ಸು, ಸರ್ಕಾರಿ ಸವಲತ್ತಿಗೆ. ಸೇನೆಯ ಪೆನ್ಷನ್‌ಗೆ ಸೇನೆಯ ಬೋರ್ಡಿನ ಶೇಕಡಾವೇ ಲೆಕ್ಕ. ಜೊತೆಗೆ ಇಡಿ, ಕಾಯಿಲೆ ಮುಂದುವರಿದಿದೆ ಎಂದು ತೋರಿಸಲಿಕ್ಕೆ ಆಗುತ್ತದೆ. ಕಾಸರಗೋಡಿನ ಜಿಲ್ಲಾ ಸೈನಿಕ ಕಚೇರಿಗೆ ಕನ್ನಡದಲ್ಲೇ ಬರೆದುಕೊಡಿ, ಕೇರಳದ ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕು ಉಂಟು. ರೆಕಾರ್ಡ್ಸ್‌ಗೆ ಇಂಗ್ಲಿಷ್ ಇಲ್ಲವೇ ಹಿಂದಿ. ಮಲಯಾಳದ ಚೀಟಿಗಳನ್ನು ಇಂಗ್ಲಿಷಿಗೆ ಮಾಡಿಸಿ. ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಂಗವಿಕಲರಿಗೂ ಹೆಂಗಸರಿಗೂ ಆದಾಯ ನೋಡದೆ ಕೊಡುತ್ತಾರೆ. ಟ್ರಿಬ್ಯೂನಲ್ ಬೆಂಚ್ ಕೊಚ್ಚಿಯಲ್ಲಿ. ಬೋರ್ಡ್ ಕಾಗದ ಬಂದ ಮೇಲೆ ಆ ಕಾರಣದ ಕಾಲಂನಲ್ಲಿ ಏನಿದೆ ಎಂದು ಇಲ್ಲಿ ಬರೆಯಿರಿ, ಹೆಸರು ನಂಬರು ಹಾಕಬೇಡಿ.