ಮನೆಯೇ ಸ್ಕೂಲಾದ್ರೆ ಟೀಸಿ ಯಾರು ಕೊಡ್ತಾರೆ?

"ಮೊಮ್ಮಗಳನ್ನ ಸ್ಕೂಲು ಬಿಡಿಸಿಬಿಟ್ರು ಕಣ್ರೀ" ಅಂತ ಗೌಡ್ರು ಹೇಳಿದ್ದೇ ತಡ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮ ವಾಕಿಂಗ್ ನಿಂತಿತು. ನಿಲ್ಲೋಕೆ ನಮಗೆ ಒಂದು ನೆಪ ಸಾಕು.

"ಫೇಲಾದ್ಲಾ?" ರಾಯರು ಕೇಳಿದರು.

"ಇಲ್ಲ ಬುಡಿ. ಹೋಮ್‌ಸ್ಕೂಲಿಂಗ್ ಅಂತೆ. ಎಂಟನೇ ಕ್ಲಾಸು ಮನೇಲೇ."

"ಓಹೋ, ಸೊಸೆ ಹೆಡ್‌ಮಿಸ್ಸು, ಮಗ ಅಸಿಸ್ಟೆಂಟು. ನೀವು?" ಇದು ಶೆಟ್ಟರು.

"ಪ್ಯೂನು. ಬೆಲ್ ಹೊಡೆಯೋ ಕೆಲಸಾನೂ ಕೊಟ್ಟಿಲ್ಲ."

ರಾಯರು ಬ್ಯಾಂಕಿನಲ್ಲಿದ್ದವರು. ಸೀಲಿಲ್ಲದ ಕಾಗದವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. "ನಾಳೆ ಕಾಲೇಜಿಗೆ ಟೀಸಿ ಯಾರು ಕೊಡ್ತಾರೆ? ಕುಕ್ಕರ್ ತಳ ಒತ್ತಿ ಸೀಲ್ ಹಾಕ್ತೀರಾ?"

ಮೇಷ್ಟ್ರಿಗೆ ಇಷ್ಟೇ ಬೇಕಿತ್ತು. "ಎನ್‌ಐಒಎಸ್ ಇದೆಯಲ್ರೀ. ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಲ್ಲೇ ಶುರುವಾಗಿದ್ದು. 14 ತುಂಬಿದ್ರೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. 5 ವರ್ಷದಲ್ಲಿ 9 ಅವಕಾಶ. ಪಾಸಾದ ಸಬ್ಜೆಕ್ಟನ್ನ ಮತ್ತೆ ಬರೀಬೇಕಾಗಿಲ್ಲ. ಟೀಸಿನೂ ಅವರೇ ಕೊಡ್ತಾರೆ."

"ಒಂಬತ್ತಾ!" ಶೆಟ್ಟರು ಬಾಯಿ ಬಿಟ್ಟರು. "ನಮ್ಮ ಕಾಲಕ್ಕಿದ್ದಿದ್ರೆ ನಾನೂ ಗಣಿತ ಪಾಸಾಗ್ತಿದ್ದೆ."

"ಎಂಟು ಸಲ ಸಿನಿಮಾಗೆ ಹೋಗಿರ್ತಿದ್ರಿ."

ಗೌಡ್ರ ಮನೆಗೆ ನಾನು ಹೋಗಿದ್ದೆ. ಹುಡುಗಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾರದ ಟೈಮ್‌ಟೇಬಲ್ ತಾನೇ ಗೀಚಿಕೊಳ್ಳುತ್ತಾಳೆ. ಮುಗಿದದ್ದಕ್ಕೆ ಟಿಕ್ಕು. ಮುಗಿಯದ್ದಕ್ಕೆ ಕೆಂಪು ಪೆನ್ನಿನಲ್ಲಿ ಕಾರಣ: "ನಿದ್ದೆ ಬಂತು", "ತಾತ ಮಾತಾಡಿಸಿದ್ರು". ತಾತನ ಹೆಸರೇ ಜಾಸ್ತಿ ಇತ್ತು. ಬೆಳಿಗ್ಗೆ ಈ ಕೆರೆಗೆ ಬಂದು ಹೆಜ್ಜಾರ್ಲೆಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಕಾಲೇಜಿನಲ್ಲಿ ಬೇಕಾಗುವುದು ಇದೇ ಅಲ್ವಾ? ಅಲ್ಲಿ ಓದು ಅಂತ ಹಿಂದೆ ಬೀಳುವವರು ಯಾರೂ ಇಲ್ಲ. ಹಾಸ್ಟೆಲ್ ಸೇರಿದ ನಮ್ಮ ಕಡೆಯ ಎಷ್ಟೋ ಹುಡುಗರಿಗೆ, ಅಮ್ಮ ಎಬ್ಬಿಸದಿದ್ದರೆ ಬೆಳಗೇ ಆಗುವುದಿಲ್ಲ.

"ಅದೆಲ್ಲ ಸರಿ, ಲ್ಯಾಬು?" ರಾಯರು ಬಿಡಲಿಲ್ಲ.

"ವಿಜ್ಞಾನ ತಗೊಂಡ್ರೆ ಸ್ಟಡಿ ಸೆಂಟರಿಗೆ ಹೋಗಿ ಪ್ರಾಕ್ಟಿಕಲ್ ಮಾಡಲೇಬೇಕು. ಮನೇಲಿ ಅಡುಗೆ ಸೋಡಾಗೆ ನಿಂಬೆಹಣ್ಣು ಹಿಂಡಿ, ಆಯ್ತು ಅನ್ನೋ ಹಾಗಿಲ್ಲ."

"ಸಿಇಟಿ? ಏಳು ವರ್ಷ ಕರ್ನಾಟಕದ ಶಾಲೇಲಿ ಓದಿದ ಸರ್ಟಿಫಿಕೇಟ್ ಕೇಳ್ತಾರಲ್ಲ?"

ಈಗ ಮೇಷ್ಟ್ರು ಗಡ್ಡ ಕೆರೆದುಕೊಂಡರು. ಈ ಪ್ರಶ್ನೆಯನ್ನು ಮಗು ಹನ್ನೆರಡನೇ ಕ್ಲಾಸು ಮುಗಿಸಿದ ಮೇಲೆ ಕೇಳಿದರೆ ಕೆಟ್ಟಂತೆ. "ಒಂದರಿಂದ ಏಳು ಅವಳು ಮೈಸೂರಲ್ಲೇ ಓದಿದ್ದಾಳೆ, ಲೆಕ್ಕ ಸರಿಹೋಗುತ್ತೆ. ಆ ಸರ್ಟಿಫಿಕೇಟನ್ನ ಹಳೇ ಸ್ಕೂಲಿಂದ ಈಗಲೇ ಬರೆಸಿಟ್ಕೊಳ್ಳಿ ಗೌಡ್ರೇ. ಸಿಇಟಿ ನಡೆಸೋ ಕೆಇಎ ನಿಯಮಾನೂ ವರ್ಷ ವರ್ಷ ನೋಡ್ತಿರಿ. ಒಂದನೇ ಕ್ಲಾಸಿಂದ ಮನೇಲೇ ಓದಿದವರಿಗೆ ಇದೇ ದೊಡ್ಡ ತಲೆನೋವು."

ಗೌಡ್ರು ಮೊಬೈಲ್ ತೆಗೆದು ಸೊಸೆಗೆ ವಾಯ್ಸ್ ಮೆಸೇಜ್ ಹಾಕಿದರು. ಪ್ಯೂನಿಗೆ ಕಡೆಗೂ ಒಂದು ಕೆಲಸ ಸಿಕ್ಕಿತು.

"ಇನ್ನೊಂದು," ರಾಯರು ಬೆರಳೆತ್ತಿದರು. "ಕಾಲೇಜಲ್ಲಿ 75 ಪರ್ಸೆಂಟ್ ಹಾಜರಿ ಬೇಕು."

"ಮನೇಲಿ ನೂರಕ್ಕೆ ನೂರು!" ಅಂದರು ಗೌಡ್ರು. "ಅದೇ ನನ್ನ ಚಿಂತೆ. ಆ ಮಗೂಗೆ ಚಕ್ಕರ್ ಹೊಡೆಯೋದೇ ಗೊತ್ತಿಲ್ಲ."

"ಆ ಸಬ್ಜೆಕ್ಟ್ ನನಗೆ ಬಿಡಿ," ಅಂದರು ಶೆಟ್ಟರು. "ಥಿಯರಿ ಇಲ್ಲ, ಬರೀ ಪ್ರಾಕ್ಟಿಕಲ್. ಸೆಂಟರು ಸಯ್ಯಾಜಿರಾವ್ ರಸ್ತೆಯ ಅಂಗಡಿ ಸಾಲು."